ಹಾಲೆಮರದ ಉರುಳೆ

ಎರಡು ಸಾವಿರದ ಆರನೆಯ ಇಸವಿ, ಮಹಾಲಯ ಅಮಾವಾಸ್ಯೆ, ಶುಕ್ರವಾರ, ಸಂಜೆ ನಾಲ್ಕೂವರೆ ಗಂಟೆ. ಚನ್ನಪಟ್ಟಣದಲ್ಲಿ ನಮ್ಮ ಎದುರುಮನೆಯ ನಡುಮನೆಯಲ್ಲಿ ಇದ್ದವರು ಇಬ್ಬರೇ: ನಾನು ಮತ್ತು ನನ್ನ ಗೆಳೆಯನ ಅತ್ತಿಗೆ. ಆತ ಗೋಡೆಗೆ ಒರಗಿಸಿದ ಫೋಟೊದಲ್ಲಿದ್ದ. ಫೋಟೊದಲ್ಲೂ ಮೂಗಿನ ತುದಿಯ ಮೇಲೆ ಒಂದು ಕಪ್ಪು ಚುಕ್ಕೆ. ಅದು ಮಚ್ಚೆಯಲ್ಲ. ಹಳೆಯ ವೀಡಿಯೊ ಯಂತ್ರಗಳ ರಬ್ಬರ್ ಬೆಲ್ಟು ವರ್ಷಗಳು ಕಳೆದಂತೆ ಕರಗಿ ಟಾರಿನಂತಾಗುತ್ತದೆ. ಆತ ಯಾವ ಯಂತ್ರದ ಮುಚ್ಚಳ ತೆರೆದರೂ ಮೊದಲು ಮೂಗನ್ನು ಒಳಕ್ಕೆ ತೂರಿಸುತ್ತಿದ್ದ. ಆ ಟಾರು ಅಂಟಿಕೊಳ್ಳುತ್ತಿತ್ತು. ಸೀಮೆಎಣ್ಣೆಯಲ್ಲಿ ಉಜ್ಜಿದರೂ ಪೂರ್ತಿ ಹೋಗುತ್ತಿರಲಿಲ್ಲ. ಆತ ಸತ್ತ ಮೇಲೆ ಗುರುತಿನ ಚೀಟಿಯ ಚಿತ್ರವನ್ನು ದೊಡ್ಡದು ಮಾಡಿಸಲು ಕೊಟ್ಟಾಗ ಸ್ಟುಡಿಯೋದವನು, "ಈ ಚುಕ್ಕೆ ಅಳಿಸ್ಲಾ?" ಎಂದು ಕೇಳಿದನಂತೆ. "ಅಳಿಸ್ಬುಟ್ರೆ ಅವ್ನು ಅಂತ ಗುರುತು ಸಿಗಾದು ಹೆಂಗಪ್ಪ?" ಎಂದರಂತೆ ಅತ್ತಿಗೆ.

ಆತನ ಬಗ್ಗೆ ಬರೆಯುವುದು ನನ್ನ ಕರ್ತವ್ಯ. ತಡವಾಗಿ ಮಾಡುತ್ತಿದ್ದೇನೆ.

ನಾನು ಇಪ್ಪತ್ತೆರಡು ವರ್ಷ ಸೈನ್ಯದ ವರ್ಕ್‌ಶಾಪಿನಲ್ಲಿ ದುಡಿದವನು. ಐದಕ್ಕೆ ಏಳುವುದು, ಏಳಕ್ಕೆ ಬೆಂಚಿನ ಮುಂದೆ ನಿಲ್ಲುವುದು, ಸಂಜೆ ಉಪಕರಣಗಳನ್ನು ಎಣಿಸಿ ಒಳಗಿಟ್ಟು ಬೀಗ ಹಾಕುವುದು. ಊರಿಗೆ ಮರಳಿದ ಕೆಲವು ವರ್ಷಗಳಲ್ಲೇ ಬಿಡದಿಯ ಸುತ್ತ ಸಾಲುಸಾಲಾಗಿ ಕಾರ್ಖಾನೆಗಳು ಎದ್ದವು. ಒಂದರ ಸ್ಟೋರಿನಲ್ಲಿ ನನಗೆ ಕೆಲಸ ಸಿಕ್ಕಿತು. ಎದುರುಮನೆಯ ಮುಂದಿನ ಕೋಣೆಯೇ ಆತನ ಅಂಗಡಿ. ನನ್ನನ್ನು "ಮಿಲ್ಟ್ರಿಯಣ್ಣ" ಎಂದು ಮೊದಲು ಕರೆದವನು ಆತ. ಆಮೇಲೆ ಇಡೀ ಬೀದಿ ಹಾಗೆಯೇ ಕರೆಯಿತು. ಬೀದಿಗೆ ಆತ "ವೀಡಿಯೊ ಅಣ್ಣ".

ಆತನ ಎಡ ಭುಜ ಬಲಕ್ಕಿಂತ ಎರಡು ಬೆರಳು ಕೆಳಗಿತ್ತು. ಎಂಬತ್ತರ ದಶಕದಲ್ಲಿ ಸುತ್ತಲಿನ ಹಳ್ಳಿಗಳ ಮದುವೆಗಳಿಗೆ ವೀಡಿಯೊ ತೆಗೆದವನು ಆತನೇ. ಆತನ ಕ್ಯಾಮೆರಾದೊಳಗೆ ಕ್ಯಾಸೆಟ್ಟು ಹಿಡಿಸುತ್ತಿರಲಿಲ್ಲ. ಕ್ಯಾಮೆರಾ ಕೈಯಲ್ಲಿ, ಕ್ಯಾಸೆಟ್ಟು ಓಡಿಸುವ ಯಂತ್ರ ಪಟ್ಟಿ ಕಟ್ಟಿ ಭುಜಕ್ಕೆ, ಎರಡರ ನಡುವೆ ದಪ್ಪ ಕೇಬಲ್ಲು. ಆ ಭಾರ ಹೊತ್ತು ಎಷ್ಟೋ ಧಾರೆಮಂಟಪಗಳ ಸುತ್ತ ತಿರುಗಿದ ಭುಜ ಅದು. ಮದುವೆಯ ಕೆಲಸ ಹೊಸಬರ ಪಾಲಾದ ಮೇಲೆ ರಿಪೇರಿಗೆ ಕುಳಿತ. ಕನಕಪುರ, ಮಾಗಡಿ, ರಾಮನಗರಗಳಿಂದ ಕೆಟ್ಟ ಯಂತ್ರಗಳು ಬರುತ್ತಿದ್ದವು.

"ಮೊದ್ಲು ಮೂಗು, ಆಮೇಲೆ ಸ್ಕ್ರೂಡ್ರೈವರು" ಎನ್ನುತ್ತಿದ್ದ. ಒಳಗೆ ಮೀನಿನ ವಾಸನೆ ಬಂದರೆ ಕೆಪಾಸಿಟರ್ ಸೋರಿದೆ. ಸುಟ್ಟ ಸಕ್ಕರೆಯಂತಿದ್ದರೆ ಮೋಟರಿನ ಸುರುಳಿ ಹೋಗಿದೆ. ವಾಸನೆಯೇ ಇಲ್ಲದಿದ್ದರೆ, "ಇದು ಒಸಿ ಕಳ್ಳ, ಟೈಮ್ ತಗೋತದೆ". ಬೆಲ್ಟಿನ ಟಾರನ್ನು ಬಿದಿರ ಕಡ್ಡಿಯಿಂದ ಕೆರೆದು ತೆಗೆಯುತ್ತಿದ್ದ. ಕಬ್ಬಿಣ ಮುಟ್ಟಿಸಿದರೆ ಗೀರು ಬೀಳುತ್ತದೆ. ಚಿತ್ರ ಓದುವ ತಲೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಮೆತ್ತನೆಯ ಚರ್ಮದಿಂದ ಅಡ್ಡಡ್ಡ ಮಾತ್ರ ಒರೆಸುತ್ತಿದ್ದ, ಮೇಲೆ ಕೆಳಗೆ ಎಂದೂ ಇಲ್ಲ. ಬಿಚ್ಚಿದ ತಿರುಪುಗಳಿಗೆ ಮಕ್ಕಳ ಆಟದ ಅರಗಿನ ಬಟ್ಟಲುಗಳಿದ್ದವು: ಮುಚ್ಚಳದವು ಕೆಂಪು ಬಟ್ಟಲಿಗೆ, ಕ್ಯಾಸೆಟ್ಟು ಕೂರುವ ತೊಟ್ಟಿಲಿನವು ಹಳದಿಗೆ, ತೀರಾ ಒಳಗಿನವು ಹಸಿರಿಗೆ. ನನ್ನ ವರ್ಕ್‌ಶಾಪಿನಲ್ಲೂ ಇಷ್ಟು ಅಚ್ಚುಕಟ್ಟು ಇರಲಿಲ್ಲ. ಪ್ರತಿ ಭಾನುವಾರ ಎಂಟಕ್ಕೆ ನಾನು ಅಲ್ಲಿ ಹೋಗಿ ಕೂರುತ್ತಿದ್ದೆ.

ಬಟ್ಟಲುಗಳನ್ನು ಕಡೆದವನು ಆತನ ಅಣ್ಣ. ತಂದೆ ತಾಯಿ ಇಲ್ಲದ ತಮ್ಮನನ್ನು ಸಾಕಿದವರು ಆ ಅಣ್ಣ ಮತ್ತು ಅತ್ತಿಗೆ. ಆತ ಮದುವೆಯಾಗದೆ ಅವರ ಜೊತೆಯಲ್ಲೇ ಉಳಿದ. ಅಣ್ಣ ಗೊಂಬೆ ಕಡೆಯುವ ಕಸುಬಿನವನು. ಒಮ್ಮೆ ಒಂದು ಮದುವೆಯಿಂದ ಬರುವಾಗ ಭುಜದ ಯಂತ್ರ ಸ್ಕೂಟರಿನಿಂದ ಬಿದ್ದು, ಟೇಪಿಗೆ ದಾರಿ ತೋರಿಸುವ ಕಿರುಬೆರಳಿನಷ್ಟು ದಪ್ಪದ ಉರುಳೆ ಒಡೆಯಿತು. ಎರಡು ದಿನಕ್ಕೆ ಇನ್ನೊಂದು ಮದುವೆ. ಅಣ್ಣ ಒಡೆದ ಚೂರುಗಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ, ಹಾಲೆಮರದ ತುಂಡೊಂದನ್ನು ಕಡೆದು, ಅರಗು ಹಿಡಿಸಿ, ತಾಳೆಗರಿಯಿಂದ ಹೊಳಪು ಕೊಟ್ಟು ಹೊಸ ಉರುಳೆ ಮಾಡಿಕೊಟ್ಟ. ಅಳತೆ ಕಣ್ಣಂದಾಜು. ಯಂತ್ರ ಓಡಿತು. ಅಂದಿನಿಂದ ಆತ ತೆಗೆದ ಮದುವೆಗಳೆಲ್ಲ ಆ ಮರದ ಉರುಳೆಯ ಮೇಲೆ ಹರಿದ ಟೇಪುಗಳು.

ಅಣ್ಣನ ಒಂದೇ ಒಂದು ಫೋಟೊ ಇರಲಿಲ್ಲ. ಫೋಟೊ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ಹೆದರುತ್ತಿದ್ದ. "ಇದು ವೀಡಿಯೊ ಕಣಣ್ಣ, ಫೋಟೊ ಅಲ್ಲ" ಎಂದು ತಮ್ಮ ಒಂದು ದಿನ ಅದೇ ಯಂತ್ರದಲ್ಲಿ ಹನ್ನೊಂದು ನಿಮಿಷ ತೆಗೆದಿದ್ದ. ಅಣ್ಣ ತೀರಿಕೊಂಡ ಮೇಲೆ ಉಳಿದದ್ದು ಆ ಹನ್ನೊಂದು ನಿಮಿಷ. ಮಹಾಲಯದ ದಿನ ಎಲ್ಲರ ಮನೆಯಲ್ಲಿ ಹಿರಿಯರ ಫೋಟೊದ ಮುಂದೆ ಎಡೆ ಇಟ್ಟರೆ ಈ ಮನೆಯಲ್ಲಿ ಟಿವಿಯ ಮುಂದೆ ಇಡುತ್ತಿದ್ದರು. ಮುದ್ದೆ, ಕೋಳಿಸಾರು, ಕಜ್ಜಾಯ, ಹೊಸ ಪಂಚೆ, ಒಂದು ಕಟ್ಟು ಬೀಡಿ. ಧೂಪ ಹಾಕಿ ಯಂತ್ರ ಒತ್ತುತ್ತಿದ್ದರು. ಅಣ್ಣ ಕಡೆಯುವ ಕೆಲಸದಿಂದ ತಲೆಯೆತ್ತಿ, "ಆಫ್ ಮಾಡ್ಲಾ, ಬ್ಯಾಟ್ರಿ ಸುಮ್ಕೆ ಹೋಯ್ತದೆ" ಎನ್ನುತ್ತಿದ್ದ. ಆಮೇಲೆ ಬುತ್ತಿ ತಂದ ಹೆಂಡತಿಯನ್ನು ನೋಡಿ, "ಸಾರಿಗೆ ಇವತ್ತಾದ್ರೂ ಉಪ್ಪು ಹಾಕಿದ್ದೀಯಾ?" ಎಂದು ನಗುತ್ತಿದ್ದ.

"ಹಾಕಿವ್ನಿ, ಬಾಯ್ಮುಚ್ಕೊಂಡು ತಿನ್ನು" ಎಂದು ಅತ್ತಿಗೆ ಪ್ರತಿ ವರ್ಷ ಟಿವಿಗೆ ಉತ್ತರ ಕೊಡುತ್ತಿದ್ದರು. ಹೇಳಿ ಕಣ್ಣೊರೆಸಿಕೊಂಡು ಒಳಗೆ ಹೋಗುತ್ತಿದ್ದರು. ಟೇಪು ಸವೆಯಬಾರದೆಂದು ವರ್ಷಕ್ಕೆ ಒಂದೇ ಸಲ ಹಾಕುವುದು ಆ ಮನೆಯ ಕಟ್ಟುನಿಟ್ಟು. ಆ ಕಟ್ಟುನಿಟ್ಟು ನನಗೆ ಬಹಳ ಮೆಚ್ಚಿಗೆಯಾಗಿತ್ತು.

ಮೂರು ವರ್ಷದ ಹಿಂದೆ ಮಹಾಲಯಕ್ಕೆ ನಾಲ್ಕು ದಿನವಿದೆ ಎನ್ನುವಾಗ, ಭಾನುವಾರ, ಆತ ಆ ಭುಜದ ಯಂತ್ರವನ್ನೇ ಹಬ್ಬಕ್ಕೆ ಸಿದ್ಧ ಮಾಡುತ್ತಿದ್ದ. ಮರದ ಉರುಳೆಯ ಅರಗು ಸವೆದು ಸಣ್ಣ ಕಚ್ಚು ಬಿದ್ದಿದ್ದು ನನ್ನ ಕಣ್ಣಿಗೆ ಮೊದಲೇ ಬಿದ್ದಿತ್ತು. ಟೇಪನ್ನು ಗೀರಿಬಿಡುತ್ತದೆ ಎಂಬ ಭಯ ನನಗೆ. ನಾನು ಅಳತೆಯ ಪುಸ್ತಕ ಹುಡುಕಿಸಿ, ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೂದಲೆಳೆ ತಪ್ಪದಂತೆ ಸ್ಟೀಲಿನ ಉರುಳೆ ಮಾಡಿಸಿ ತಂದಿದ್ದೆ.

"ಇದೇ ಇರ್ಲಿ ಬುಡಣ್ಣ, ಓಡ್ತಾ ಐತಲ್ಲ" ಎಂದ ಆತ.

"ಓಡ್ತಾ ಇದೆ ಅಂತ ಬಿಟ್ಟ ಗಾಡಿಗಳೇ ನಡುದಾರೀಲಿ ನಿಲ್ಲೋದು" ಎಂದೆ ನಾನು. "ಅಳತೆ ನೋಡು. ನಿನ್ನ ಮರದ್ದು ಎಷ್ಟು ಮೇಲಕ್ಕೆ ಕೂತಿದೆ, ಎಷ್ಟು ಓರೆಯಾಗಿದೆ. ಬೇರೆ ಕ್ಯಾಸೆಟ್ಟು ಹಾಕಿದರೆ ಇದರಲ್ಲಿ ಚಿತ್ರ ನಡುಗೋದು ಅದಕ್ಕೇ."

ಅದು ನಿಜವಾಗಿತ್ತು. ಆತ ಸ್ಟೀಲಿನದನ್ನು ಹಾಕಿದ. ಅಂಗಡಿಯಲ್ಲಿದ್ದ ಯಾವುದೋ ಸಿನಿಮಾ ಕ್ಯಾಸೆಟ್ಟನ್ನು ಓಡಿಸಿದ. ಕೊಳದ ನೀರಿನಷ್ಟು ತಿಳಿಯಾದ ಚಿತ್ರ ಬಂತು. ಆತ ನನ್ನ ಕೈ ಹಿಡಿದು, "ಏನ್ ಸಾಹೇಬ್ರೇ, ಮಿಲ್ಟ್ರಿ ಕೆಲ್ಸ ಅಂದ್ರೆ ಮಿಲ್ಟ್ರಿ ಕೆಲ್ಸಾನೇ ಬುಡಿ" ಎಂದ. ವರ್ಷಕ್ಕೊಂದೇ ಸಲ ಹಾಕಬೇಕಾದ ಟೇಪನ್ನು ಪರೀಕ್ಷೆಗೆ ಹಾಕುವ ಯೋಚನೆ ನಮ್ಮಿಬ್ಬರಿಗೂ ಬರಲಿಲ್ಲ.

ಬದಲಾಯಿಸಿದ ಹಳೆಯ ಭಾಗ ಬೆಂಚಿನ ಮೇಲೆ ಉಳಿಯಕೂಡದು, ಉಳಿದರೆ ಯಾರೋ ಮರೆತು ಮತ್ತೆ ಹಾಕುತ್ತಾರೆ. ಇದು ವರ್ಕ್‌ಶಾಪಿನ ನಿಯಮ. ಹಿಂದುಗಡೆ ಬಚ್ಚಲ ಒಲೆ ಉರಿಯುತ್ತಿತ್ತು. ಮರದ ಉರುಳೆಯನ್ನು ನಾನೇ ತೆಗೆದುಕೊಂಡು ಹೋಗಿ ಅದಕ್ಕೆ ಹಾಕಿದೆ. ಅರಗು ಸಣ್ಣ ಸದ್ದು ಮಾಡಿ ಹತ್ತಿಕೊಂಡಿತು. ಕೈ ತೊಳೆದುಕೊಂಡು ಬಂದೆ.

ಗುರುವಾರ ಎಡೆ ಇಟ್ಟು ಧೂಪ ಹಾಕಿ ಯಂತ್ರ ಒತ್ತಿದಾಗ ಟಿವಿಯ ತುಂಬ ಬಿಳಿ ಚುಕ್ಕೆಗಳು ಸುರಿದವು. ಒಳಗೆಲ್ಲೋ ನೀರಿನಡಿಯಿಂದ ಬಂದಂಥ ಗೊಗ್ಗರು ಸದ್ದು. ಆತ ಗುಂಡಿ ತಿರುಗಿಸಿದ, ನಿಲ್ಲಿಸಿದ, ಮತ್ತೆ ಹಾಕಿದ. ಆಮೇಲೆ ತಟ್ಟನೆ ಕೈ ಹಿಂದಕ್ಕೆ ತೆಗೆದು ನನ್ನ ಕಡೆ ತಿರುಗಿದ. ಆತನಿಗೆ ಹೊಳೆದದ್ದು ನನಗೂ ಅದೇ ಗಳಿಗೆಯಲ್ಲಿ ಹೊಳೆಯಿತು. ಓರೆಯಾದ ಉರುಳೆಯ ಮೇಲೆ ಬರೆದದ್ದನ್ನು ಓರೆಯಾದ ಉರುಳೆಯೇ ಓದಬೇಕು. ಯಂತ್ರ ಸರಿಯಾಗಿತ್ತು. ಸರಿಯಾಗಿದ್ದರಿಂದಲೇ ಅಣ್ಣ ಹೋಗಿಬಿಟ್ಟಿದ್ದ.

"ಹಳೇದು ಎಲ್ಲಿ ಮಡಗಿದ್ರಿ, ಅಣ್ಣ?" ಎಂದು ಮೆಲ್ಲಗೆ ಕೇಳಿದ.

ನಾನು ಬಚ್ಚಲ ಕಡೆ ನೋಡಿದೆ. ಆತನಿಗೆ ಅಷ್ಟೇ ಸಾಕಾಯಿತು.

"ಏನ್ಲಾ ಆಯ್ತು? ಯಾಕ್ಲಾ ಬರ್ನಿಲ್ಲ ನಿಮ್ಮಣ್ಣ?" ಎಂದು ಅತ್ತಿಗೆ ಗಾಬರಿಯಿಂದ ಎದ್ದು ನಿಂತರು. ನಾನು ಬಾಯಿ ತೆರೆಯುವ ಮೊದಲೇ ಆತ, "ನಾನೇ ಕೆಡಿಸ್ಬುಟ್ಟೆ ಅತ್ಗೆ. ರಿಪೇರಿ ಮಾಡಾಕೋಗಿ ನಾನೇ ಕೆಡಿಸ್ಬುಟ್ಟೆ" ಎಂದ.

ಅವರು ಆತನ ಕೆನ್ನೆಗೆ ಹೊಡೆದರು. ನಲವತ್ತೈದು ದಾಟಿದ ಗಂಡಸು ತಲೆ ತಗ್ಗಿಸಿ ನಿಂತಿದ್ದ. ನಾನೂ ನಿಂತೇ ಇದ್ದೆ. ಗಡಿ ಠಾಣೆಗಳಲ್ಲಿ ಗುಂಡಿನ ಸದ್ದು ಕೇಳಿದವನು ನಾನು. ಅಂದು ಒಂದು ಮಾತು ಆಡಲು ಧೈರ್ಯ ಬರಲಿಲ್ಲ.

ಮಾರನೆಯ ದಿನ ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ. "ನೀವು ಹೊರಗ್ನೋರು. ನಿಮ್ ಮ್ಯಾಲೆ ಮುನಿಸ್ಕಂಡ್ರೆ ಬಾಗ್ಲು ಮುಚ್ಚೋಯ್ತದೆ" ಎಂದ. "ನನ್ ಮ್ಯಾಲೆ ಮುನಿಸ್ಕಂಡ್ರೂ ಮುದ್ದೆ ಹೆಂಗೂ ಇಕ್ತಾರೆ. ಸರಿ ಮಾಡಾನ ಬುಡಿ, ಎಲ್ಲೋಯ್ತದೆ?"

ಉರುಳೆಯ ಎತ್ತರವನ್ನು ತಿರುಪಿನಿಂದ ಏರಿಸಿ ಇಳಿಸಬಹುದು. ಅಣ್ಣನ ಉಳಿ ಬಿಟ್ಟ ಓರೆಯನ್ನು ಹೇಗೆ ತರುವುದು? ಆತ ಊರಿನ ಕಡೆಯುವವರೆಲ್ಲರಿಂದ ಹಾಲೆಮರದ ಉರುಳೆ ಮಾಡಿಸಿದ. ಒಬ್ಬೊಬ್ಬರ ಕೈ ಒಂದೊಂದು ಥರ. ಪ್ರತಿಯೊಂದನ್ನೂ ಅಣ್ಣನ ಟೇಪು ಹಾಕಿಯೇ ನೋಡಿದರೆ ನಾಲ್ಕಾರು ದಿನದಲ್ಲಿ ಟೇಪೇ ಸವೆದುಹೋಗುತ್ತದೆ. ಅದಕ್ಕೆ ಆತ ಇನ್ನೊಂದು ದಾರಿ ಕಂಡುಕೊಂಡ: ಅದೇ ಮರದ ಉರುಳೆಯಿಂದ ತೆಗೆದ ಯಾರದಾದರೂ ಮದುವೆಯ ಕ್ಯಾಸೆಟ್ಟು ಸಿಕ್ಕರೆ, ಅದನ್ನು ಹಾಕಿ ಹೊಂದಿಸಿಕೊಳ್ಳುವುದು. ಆ ಚಿತ್ರ ಸರಿಯಾಗಿ ಬಂದ ದಿನ ಅಣ್ಣನೂ ಬರುತ್ತಾನೆ.

ಎರಡು ವರ್ಷ ಭಾನುವಾರಗಳನ್ನು ನಾವು ಬಸ್ಸುಗಳಲ್ಲಿ ಕಳೆದೆವು. ಮೊದಲು ಕೋಡಿಹಳ್ಳಿ. ಆತ ವೀಡಿಯೊ ತೆಗೆದಿದ್ದ ಮದುಮಗ ಈಗ ನರೆತ ಮೀಸೆಯ ಯಜಮಾನ, ಹೊಲದ ಬದುವಿನಲ್ಲಿ ನಿಂತಿದ್ದ.

"ಕ್ಯಾಸೆಟ್ಟಾ? ಅಗೋ ನೋಡ್ಲಾ ವೀಡಿಯೊ, ನನ್ ಮದ್ವೆ ರಾಗಿ ಕಾಯ್ತಾ ಐತೆ" ಎಂದು ಕೈ ತೋರಿಸಿದ. ಗೂಟದಿಂದ ಗೂಟಕ್ಕೆ ಕಂದು ಬಣ್ಣದ ಟೇಪು ಬಿಗಿದಿದ್ದ. ಗಾಳಿಗೆ ಅದು ಗುಂಯ್‌ಗುಟ್ಟುತ್ತ ಗಿಳಿಗಳನ್ನು ಓಡಿಸುತ್ತಿತ್ತು. "ಇದ್ದಾಗ ಒಂದಿನಾನೂ ಇಷ್ಟು ಕೆಲ್ಸ ಮಾಡಿರ್ನಿಲ್ಲ ಕಣ್ಲಾ ಅದು."

ಮೂವರೂ ನಕ್ಕೆವು. ಆತ ಹೊಲಕ್ಕಿಳಿದು ಟೇಪನ್ನು ಎರಡು ಬೆರಳ ನಡುವೆ ಹಿಡಿದು ಎಳೆದ. ಬೆರಳಿಗೆ ಕಂದು ಪುಡಿ ಅಂಟಿತು, ಟೇಪು ಗಾಜಿನಂತೆ ಬೆಳ್ಳಗಾಯಿತು. ಆ ಪುಡಿಯಲ್ಲೇ ಚಿತ್ರ ಇರುತ್ತದೆ. ಆತ ನಗು ನಿಲ್ಲಿಸಿ ಬೆರಳನ್ನು ಪಂಚೆಗೆ ಒರೆಸಿಕೊಳ್ಳದೆ ಬಹಳ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದ.

ಕನಕಪುರದಲ್ಲಿ ಒಂದು ಮದುವೆಯ ಮೇಲೆ ಟಿವಿ ಧಾರಾವಾಹಿ ತುಂಬಿಸಿಕೊಂಡಿದ್ದರು. ಮಾಗಡಿಯಲ್ಲಿ ಒಂದನ್ನು ಇಲಿ ಗೂಡು ಮಾಡಿತ್ತು. ರಾಮನಗರದಲ್ಲಿ ಒಬ್ಬರು ಮನೆ ಕೆಡವಿ ಕಟ್ಟಿಸುವಾಗ ಹಳೆಯದೆಲ್ಲವನ್ನೂ ಗುಜರಿಗೆ ಹಾಕಿದ್ದರು. ಹೋದಲ್ಲೆಲ್ಲ ಕಾಫಿ ಕೊಡುತ್ತಿದ್ದರು. ಕಾಫಿ ಕುಡಿದು ಬರಿಗೈಯಲ್ಲಿ ಬರುತ್ತಿದ್ದೆವು. ಮನೆಗೆ ಬಂದರೆ ಅತ್ತಿಗೆ ತಟ್ಟೆ ಇಟ್ಟು ಮುಖ ತಿರುಗಿಸಿ ಹೋಗುತ್ತಿದ್ದರು. ಬೇಕಾದ್ದನ್ನು ಗೋಡೆಗೆ ಹೇಳಿದಂತೆ ಹೇಳುತ್ತಿದ್ದರು: "ಅಕ್ಕಿ ಮುಗ್ದೈತೆ." "ಕರೆಂಟು ಬಿಲ್ಲು ಬಂದೈತೆ." ಎರಡು ಮಹಾಲಯಗಳು ಕಪ್ಪು ಟಿವಿಯ ಮುಂದೆ ಎಡೆ ಇಟ್ಟು ಕಳೆದವು.

ನಾನು ಹೇಳಿಬಿಡುತ್ತೇನೆ ಎಂದು ಆತನಿಗೆ ಮೂರು ಸಲ ಹೇಳಿದ್ದೆ. "ಈಗ್ಯಾಕೆ? ಅಣ್ಣ ಬಂದ್ಮೇಲೆ ಯೋಳೀರಂತೆ, ನಕ್ಬುಡ್ತಾರೆ" ಎನ್ನುತ್ತಿದ್ದ. ಆ ಮಾತಿನ ಮರೆಯಲ್ಲಿ ನಾನು ಸುಖವಾಗಿ ಅಡಗಿಕೊಂಡೆ.

ಕೊನೆಗೆ ಸೋಲೂರಿನಲ್ಲಿ ಒಬ್ಬ ಮುದುಕಿಯ ಬಳಿ ಕ್ಯಾಸೆಟ್ಟು ಸಿಕ್ಕಿತು. ಮಗಳ ಮದುವೆಯದು. ಸೀರೆಯಲ್ಲಿ ಸುತ್ತಿ, ಒಣಬೇವಿನ ಸೊಪ್ಪಿನ ನಡುವೆ ಟ್ರಂಕಿನಲ್ಲಿಟ್ಟಿದ್ದಳು. "ಹಾಕಿ ನೋಡಾಕೆ ನಮ್ತವ ಮಿಸೀನೇ ಇಲ್ಲ ಕಣಪ್ಪ. ಒಳಗೆ ಅವ್ಳೆ ಅನ್ನೋ ಧೈರ್ಯಕ್ಕೆ ಮಡಗಿವ್ನಿ" ಎಂದಳು. ಆತ ಅವಳ ಕಾಲಿಗೆ ಬಿದ್ದ. ಸರಿಯಾದ ಮೇಲೆ ಯಂತ್ರವನ್ನೇ ಹೊತ್ತು ತಂದು ಮಗಳನ್ನು ತೋರಿಸುತ್ತೇನೆಂದು ಮಾತು ಕೊಟ್ಟ.

ಅದಾದ ಮೇಲೆ ಆತನ ಎಲ್ಲ ಹಗಲೂ, ಮಾಡಿಸಿದವುಗಳಲ್ಲಿ ಹೆಚ್ಚು ಹೊಂದುತ್ತಿದ್ದ ಒಂದು ಉರುಳೆಗೆ ಹೋಯಿತು. ಅರ್ಧ ಸುತ್ತು ತಿರುಗಿಸುವುದು, ಅರದಿಂದ ಒಂದು ಎಳೆ ಉಜ್ಜುವುದು, ಹಾಕಿ ನೋಡುವುದು. ಬೇರೆಯವರ ಯಂತ್ರಗಳು ಮೂಲೆಯಲ್ಲಿ ಧೂಳು ತಿಂದವು. ಜನ ಸಿ.ಡಿ. ಕಡೆ ಹೋಗಿಯೂ ಆಗಿತ್ತು. ಸಂಕ್ರಾಂತಿ ಕಳೆದ ವಾರ ಸೋಲೂರಿನ ಮದುಮಗಳ ಸೀರೆಯ ಅಂಚು, ಕೈಬಳೆ ಕಾಣಿಸಿದವು. "ಇನ್ನೊಸಿ ಐತೆ ಅಣ್ಣ, ಇನ್ನೊಸಿ" ಎಂದ. ಬೆವರುತ್ತಿದ್ದ. ಆಸ್ಪತ್ರೆಗೆ ಹೋಗೋಣ ಎಂದೆ. ಭಾನುವಾರ ಹೋಗಾನ ಎಂದ. ಶನಿವಾರ ಮಧ್ಯಾಹ್ನ ಬೆಂಚಿನ ಮುಂದೆ ಕುಳಿತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಅತ್ತಿಗೆ ಒಳಗಿನಿಂದ "ಮುದ್ದೆ ಆರೋಯ್ತದೆ" ಎಂದು ಗೋಡೆಗೆ ಕೂಗುತ್ತಿದ್ದರಂತೆ.

ಆ ಶುಕ್ರವಾರದ್ದು ಆತನ ಮೊದಲನೆಯ ಎಡೆ. ಆದ್ದರಿಂದ ಎಡೆಗಳು ಎರಡು: ಫೋಟೊದ ಮುಂದೆ ಆತನಿಗೆ, ಟಿವಿಯ ಮುಂದೆ ಅಣ್ಣನಿಗೆ. ಯಂತ್ರವನ್ನು ಆತ ಬಿಟ್ಟ ಸ್ಥಿತಿಯಲ್ಲೇ ಬಟ್ಟೆ ಮುಚ್ಚಿ ಇಟ್ಟಿದ್ದರು.

"ಒಂದ್ಸಲ ಹಾಕ್ಬುಡಪ್ಪ. ಏನಾಯ್ತದೋ ಆಗ್ಲಿ" ಎಂದರು ಅಕ್ಕ. ಅವರನ್ನು ನಾನು ಅಕ್ಕ ಎನ್ನುತ್ತೇನೆ.

ಆತ ಮಾಡುತ್ತಿದ್ದಂತೆಯೇ ಮುಚ್ಚಳ ತೆಗೆದು ತೇವ ಆರಲೆಂದು ಅರ್ಧ ಗಂಟೆ ಯಂತ್ರವನ್ನು ಗಾಳಿಗೆ ಬಿಟ್ಟೆ. ತಲೆಯನ್ನು ಅಡ್ಡಡ್ಡ ಒರೆಸಿದೆ. ಐದೂ ಹತ್ತಕ್ಕೆ ಅಣ್ಣನ ಕ್ಯಾಸೆಟ್ಟು ಹಾಕಿದೆ.

ಬಿಳಿ ಚುಕ್ಕೆಗಳು ಬಂದವು. ಆಮೇಲೆ ಪರದೆಯ ಕೆಳಗಿನ ಅರ್ಧ ತಿಳಿಯಾಯಿತು. ಎರಡು ಕೈ, ಒಂದು ಉಳಿ, ತಿರುಗುತ್ತಿದ್ದ ಮರದ ತುಂಡು, ಸುತ್ತಿಕೊಂಡು ಬೀಳುತ್ತಿದ್ದ ಹೊಟ್ಟು. ಎದೆಯಿಂದ ಮೇಲಕ್ಕೆ ಬರೀ ಚುಕ್ಕೆಗಳ ಮಳೆ. ಧ್ವನಿ ಮಾತ್ರ ಪೂರ್ತಿ ಬಂತು. "ಆಫ್ ಮಾಡ್ಲಾ, ಬ್ಯಾಟ್ರಿ ಸುಮ್ಕೆ ಹೋಯ್ತದೆ." ಸ್ವಲ್ಪ ಹೊತ್ತಿಗೆ ಉಪ್ಪಿನ ಪ್ರಶ್ನೆ. ಅಕ್ಕ ಉತ್ತರ ಕೊಡಲಿಲ್ಲ. ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಆ ಚುಕ್ಕೆಗಳೊಳಗೆ ಮುಖ ಹುಡುಕುತ್ತಿದ್ದರು. ಹನ್ನೊಂದು ನಿಮಿಷ ಹುಡುಕಿದರು.

ಟೇಪು ನಿಂತಿತು. ಉರುಳೆಯ ತಿರುಪನ್ನು ಕಾಲು ಸುತ್ತು ಅತ್ತಲೋ ಇತ್ತಲೋ ತಿರುಗಿಸಿದರೆ ಮುಖ ಬರಬಹುದೆಂದು ನನಗೆ ಅನಿಸಿತು. ಯಾವ ಕಡೆಗೆ ಎಂದು ಗೊತ್ತಿರಲಿಲ್ಲ. ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ.

"ಮುಟ್ಬ್ಯಾಡ!" ಎಂದರು ಅಕ್ಕ. "ಅವ್ನು ಎಲ್ಲಿಗೆ ತಂದಿದ್ನೋ ಅಲ್ಲೇ ಇರ್ಲಿ. ಒಂದ್ಸಲ ಅವ್ನು ಕೆಡಿಸಿದ್ದೇ ಸಾಕು."

ನಾನು ಎದ್ದು ನಿಂತೆ. "ಅಕ್ಕ, ಕೆಡಿಸಿದ್ದು ಅವನಲ್ಲ. ನಾನು. ಉರುಳೆ ಬದಲಾಯಿಸು ಅಂತ ಹಟ ಹಿಡಿದದ್ದು ನಾನು. ಹಳೆಯದನ್ನು ಬಚ್ಚಲ ಒಲೆಗೆ ಹಾಕಿದ್ದೂ ನಾನೇ. ಅವನು ನನ್ನನ್ನ ಉಳಿಸೋಕೆ ಸುಳ್ಳು ಹೇಳಿದ."

ಅವರು ಬೈಯುತ್ತಾರೆಂದು ಕಾದೆ. ಹೊರಗೆ ಹೋಗು ಎನ್ನುತ್ತಾರೆಂದು ಕಾದೆ. ಅವರು ಫೋಟೊದ ಕಡೆ ತಿರುಗಿ ಕುಳಿತರು.

"ಎರಡು ವರ್ಸದ ಮೇಲಾಯ್ತು ಕಣಪ್ಪ" ಎಂದರು. "ಅವ್ನ ಮಖ ನೋಡಿ ಒಂದ್ ಮಾತಾಡ್ನಿಲ್ಲ ನಾನು. ಮಗು ಥರ ಸಾಕಿದ್ದೆ. ಹೊಟ್ಟೆ ತುಂಬ್ತಾ ಅಂತ ಕೇಳ್ನಿಲ್ಲ. ಎದೆನೋವು ಐತಾ ಅಂತ ಕೇಳ್ನಿಲ್ಲ. ಈಗ ಬಂದು ಯೋಳ್ತಾ ಇದ್ದೀಯ. ಅಷ್ಟು ವರ್ಸದ ಮಾತ ಈಗ ಯಾರ್ ಜೊತೆ ಆಡ್ಲಿ?"

ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟೆ.

ಅವರು ಸೆರಗಿನಿಂದ ಮುಖ ಒರೆಸಿಕೊಂಡು, "ಮುಚ್ಚಳ ಹಾಕು. ಧೂಳು ಕೂತ್ಕತದೆ" ಎಂದರು.

ಕ್ಯಾಸೆಟ್ಟು ತೆಗೆದು ಡಬ್ಬಿಗೆ ಹಾಕಿದೆ. ವೈರುಗಳನ್ನು ಸುತ್ತಿ ಕಟ್ಟಿದೆ. ಮುಚ್ಚಳ ಕೂರಿಸಿ, ಆತ ಬಿಗಿಯುತ್ತಿದ್ದ ಕ್ರಮದಲ್ಲೇ, ಮೂಲೆಯಿಂದ ಎದುರು ಮೂಲೆಗೆ, ಆರು ತಿರುಪುಗಳನ್ನು ಒಂದೊಂದಾಗಿ ಬಿಗಿದೆ. ಆರನೆಯದು ಕೂತಾಗ ಐದೂ ಐವತ್ತು.